ರೊಸೆಂದಾಳ ಮೂರನೆಯ ಮಗು

ಡೆಲ್ಫಿನಿಯಾ ವಲೇರಿಯೊ ಯಾರ ಮನೆಗೆ ಹೋದರೂ ಊಟ ಮುಗಿಯುವ ತನಕ ಚೀಲದಿಂದ ಕಾಗದ ಹೊರಗೆ ತೆಗೆಯುತ್ತಿರಲಿಲ್ಲ. ನ್ಯೂ ಮೆಕ್ಸಿಕೋದ ಉತ್ತರದ ಬೆಟ್ಟಗಳಲ್ಲಿ ಕಾಗದ ಹಿಡಿದು ಬಂದವರನ್ನು ಜನ ನಂಬುವುದಿಲ್ಲ. ತಾತ ಮುತ್ತಾತಂದಿರ ಹುಲ್ಲುಗಾವಲು ಹೋದದ್ದು ಇಂಥ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಯೇ. ಅದಕ್ಕೆ ಅವಳು ಮೊದಲು ಅಡುಗೆಮನೆಯಲ್ಲಿ ಕೂತು ಹುರುಳಿಕಾಯಿ ಬಿಡಿಸಿಕೊಡುತ್ತಿದ್ದಳು. ಕೊಟ್ಟ ಬೀನ್ಸು, ಕೆಂಪು ಮೆಣಸಿನಕಾಯಿಯ ಸಾರು, ಬಿಸಿ ತೋರ್ತಿಯಾ ರೊಟ್ಟಿ ತಿನ್ನುತ್ತಿದ್ದಳು. ಹಿಮ ಯಾವಾಗ ಬೀಳಬಹುದು ಎಂಬ ಮಾತಾಗುತ್ತಿತ್ತು, ಆಮೇಲೆ ಯಾರಿಗೆ ಹುಷಾರಿಲ್ಲ ಎಂಬ ಮಾತು, ಆಮೇಲೆ ಸತ್ತವರ ಮಾತು. ಸತ್ತವರ ಮಾತು ಬಂದ ಮೇಲೆ ಕೈ ಒರೆಸಿಕೊಂಡು, "ತೀಯಾ, ಇದನ್ನ ಬರ್ಕೊಳ್ಲಾ?" ಎಂದು ಕೇಳುತ್ತಿದ್ದಳು. ತೀಯಾ ಎಂದರೆ ಅತ್ತೆ, ಚಿಕ್ಕಮ್ಮ. ಆ ಕಡೆ ವಯಸ್ಸಾದ ಹೆಂಗಸರನ್ನೆಲ್ಲ ಹಾಗೇ ಕರೆಯುವುದು.

ಅವಳು ಬರೆದುಕೊಳ್ಳುತ್ತಿದ್ದದ್ದು ವಂಶದ ನಕ್ಷೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಮಿದುಳಲ್ಲಿ ರಕ್ತ ಸೋರಿದವರ ಚೌಕಕ್ಕೂ ವೃತ್ತಕ್ಕೂ ಕಪ್ಪು ತುಂಬಬೇಕು. ಆ ಬೆಟ್ಟದ ಕೆಲವು ವಂಶಗಳಲ್ಲಿ ಹುಟ್ಟುತ್ತಲೇ ಬರುವ ಒಂದು ದೋಷ ಇದೆ. ಮಿದುಳಿನ ಸಣ್ಣ ರಕ್ತನಾಳಗಳು ಅಲ್ಲಲ್ಲಿ ಹಿಗ್ಗಿ, ಹಿಪ್ಪುನೇರಳೆ ಹಣ್ಣಿನ ಹಾಗೆ ಗೊಂಚಲುಗಟ್ಟುತ್ತವೆ. ಗೋಡೆ ತೀರಾ ತೆಳು. ಕೆಲವರಿಗೆ ತೊಂಬತ್ತು ವರ್ಷ ಆದರೂ ಅದು ಸುಮ್ಮನೆ ಕೂತಿರುತ್ತದೆ. ಕೆಲವರಿಗೆ ಒಂಬತ್ತನೆಯ ವರ್ಷಕ್ಕೇ ಸೋರುತ್ತದೆ. ತಾಯಿಗೋ ತಂದೆಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಆಸ್ಪತ್ರೆಯವರು ಅದಕ್ಕೆ ಉದ್ದದ ಹೆಸರಿಟ್ಟಿದ್ದಾರೆ. ಊರವರು 'ಚೆಲ್ಲಿತು' ಅನ್ನುತ್ತಾರೆ. ಬಾವಿಕಟ್ಟೆಯಲ್ಲಿ ಬಿದ್ದವನಿಗೆ ಚೆಲ್ಲಿತು, ಪೂಜೆಯ ಮಧ್ಯೆ ಬಿದ್ದವಳಿಗೆ ಚೆಲ್ಲಿತು. ಅಷ್ಟು ಹೇಳಿ ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುತ್ತಾರೆ.

ಡೆಲ್ಫಿನಿಯಾ ಓದಿದ್ದು ಹತ್ತನೆಯ ತರಗತಿ. ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿದಳು. ಅವಳ ಬಸ್ಸಿನಲ್ಲಿ ಒಡೀಲಿಯಾ ಎಂಬ ಹುಡುಗಿ ಬರುತ್ತಿದ್ದಳು, ಒಂಬತ್ತು ವರ್ಷ, ಯಾವಾಗಲೂ ಬಾಗಿಲ ಪಕ್ಕದ ಸೀಟು. ಒಂದು ಬೆಳಿಗ್ಗೆ ತಿರುವಿನಲ್ಲಿ ಕನ್ನಡಿ ನೋಡಿದರೆ ಹುಡುಗಿಯ ತಲೆ ಕಿಟಕಿಗೆ ಬಡಿಯುತ್ತಿತ್ತು, ಒಂದೇ ತಾಳದಲ್ಲಿ. ಆಟ ಆಡುತ್ತಿದ್ದಾಳೆ ಎಂದುಕೊಂಡು ಡೆಲ್ಫಿನಿಯಾ, "ಏಯ್, ಗಾಜು ಒಡೆದೀಯ" ಎಂದು ಗದರಿದಳು. ಆಮೇಲೆ ಬಸ್ಸು ನಿಲ್ಲಿಸಿದಳು. ಹುಡುಗಿ ನಾಲ್ಕನೆಯ ದಿನ ಹೋದಳು. ಗದರಿದ್ದು ಮಾತ್ರ ಡೆಲ್ಫಿನಿಯಾಳ ಕಿವಿಯಲ್ಲೇ ಉಳಿಯಿತು. ಮರುವರ್ಷ ಅಲ್ಬುಕರ್ಕಿಯ ಒಂದು ದೊಡ್ಡ ಆಸ್ಪತ್ರೆಯಿಂದ ಹಾಲ್ವರ್ಸನ್ ಎಂಬ ನರವೈದ್ಯೆ ಬಂದು, ಈ ಕಾಯಿಲೆಯ ಸಂಶೋಧನೆಗೆ ಊರೂರು ತಿರುಗಿ ಮನೆಮನೆಯ ವಿವರ ತರುವವರು ಬೇಕು ಅಂದಾಗ, ಡೆಲ್ಫಿನಿಯಾ ಬಸ್ಸಿನ ಬೀಗದಕೈ ಒಪ್ಪಿಸಿ ವ್ಯಾನಿನ ಬೀಗದಕೈ ಇಸಿದುಕೊಂಡಳು. ಅದಕ್ಕೆ ಹನ್ನೆರಡು ವರ್ಷ ಆಯಿತು. ಅರವತ್ಮೂರು ಮನೆತನದ ನಕ್ಷೆ ಅವಳ ಕೈಯಲ್ಲೇ ಆದದ್ದು.

ಮುದುಕರನ್ನು ವ್ಯಾನಿನಲ್ಲಿ ಮೂರು ಗಂಟೆ ಕೂರಿಸಿಕೊಂಡು ಹೋಗಿ ತಲೆಯ ಸ್ಕ್ಯಾನ್ ಮಾಡಿಸುವುದೂ ಅವಳದೇ ಕೆಲಸ. "ಒಳಗೆ ಮಲಗಿದ್ರೆ ಯಾರೋ ಪಕ್ಕದಲ್ಲಿ ತಗಡು ಬಡೀತಾರೆ, ಅಷ್ಟೆ, ಹೆದರ್ಬೇಡಿ" ಎಂದು ಮೊದಲೇ ಹೇಳಿರುತ್ತಿದ್ದಳು. ಒಮ್ಮೆ ಬೆಲಾರ್ಮಿನೊ ಎಂಬ ಎಂಬತ್ತರ ಮುದುಕ ಯಂತ್ರದಿಂದ ಹೊರಬಂದು, "ನಲವತ್ತು ನಿಮಿಷ ಆಯ್ತಲ್ಲ, ಅಷ್ಟೊತ್ತು ಏನು ಹುಡುಕಿದ್ರು?" ಎಂದ. ಅವನ ಹೆಂಡತಿ, "ಮಿದುಳು ಹುಡುಕಿದ್ರು. ನನಗೆ ಐವತ್ತೈದು ವರ್ಷ ಹುಡುಕಿದ್ರೂ ಸಿಗ್ಲಿಲ್ಲ, ಅವರಿಗೆ ನಲವತ್ತು ನಿಮಿಷಕ್ಕೆ ಸಿಕ್ತು, ಪುಣ್ಯವಂತರು" ಅಂದಳು. ವಾಪಸು ಬರುವ ದಾರಿಯುದ್ದಕ್ಕೂ ವ್ಯಾನು ನಗುತ್ತಿತ್ತು. ಅದೇ ಬೆಲಾರ್ಮಿನೊನ ಚೌಕಕ್ಕೆ ಮರುವಾರ ಡೆಲ್ಫಿನಿಯಾ ಕಪ್ಪು ತುಂಬಿದಳು.

ಈ ಕೆಲಸದ ಎರಡನೆಯ ವರ್ಷದಲ್ಲಿ ಅವಳೊಂದು ಪ್ರಶ್ನೆ ತೆಗೆಸಿಹಾಕಿದ್ದಳು. ಆಸ್ಪತ್ರೆಯ ಪ್ರಶ್ನಾವಳಿಯಲ್ಲಿ ಹದಿನಾಲ್ಕನೆಯದು: ಈ ಮನೆಯ ಮಕ್ಕಳಲ್ಲಿ ಬೇರೆಯವರಿಗೆ ಹುಟ್ಟಿದವರು ಇದ್ದಾರೆಯೇ, ಈ ಮನೆಯವರು ಬೇರೆಯವರಿಗೆ ಕೊಟ್ಟ ಮಕ್ಕಳಿದ್ದಾರೆಯೇ? ಬೆಟ್ಟದಲ್ಲಿ ಮಕ್ಕಳನ್ನು ಕೊಡುವುದು, ತರುವುದು ಹೊಸದಲ್ಲ. ತಾಯಿ ಸತ್ತರೆ, ಹೊಟ್ಟೆಗಿಲ್ಲದಿದ್ದರೆ, ಮಕ್ಕಳಿಲ್ಲದ ಮನೆ ಕಣ್ಣೆದುರಿಗೆ ಬಿಕೋ ಅನ್ನುತ್ತಿದ್ದರೆ, ಮಗುವನ್ನು ಕೊಡುತ್ತಿದ್ದರು. ಕೊಟ್ಟ ಮೇಲೆ ಆಯಿತು. ಸಾಕಿದವರ ಲೆಕ್ಕಕ್ಕೆ ಆ ಮಗು ಸೇರಿತು, ಹೆತ್ತವರ ಲೆಕ್ಕದಿಂದ ಹೋಯಿತು. ಅದರ ಮಾತೆತ್ತುವವನು ಆ ಮನೆಯಲ್ಲಿ ಎರಡನೆಯ ಸಲ ನೀರೂ ಕುಡಿಯಲಾರ. "ಡಾಕ್ಟರೇ, ಇದೊಂದು ಪ್ರಶ್ನೆ ಇಟ್ಕೊಂಡ್ರೆ ಉಳಿದ ನಲವತ್ತಕ್ಕೂ ಉತ್ತರ ಸಿಗಲ್ಲ" ಎಂದು ಡೆಲ್ಫಿನಿಯಾ ಖಂಡಿತವಾಗಿ ಹೇಳಿದಳು. ಹಾಲ್ವರ್ಸನ್ ಯೋಚಿಸಿ ಸಹಿ ಹಾಕಿದರು. ಪ್ರಶ್ನೆ ಹೋಯಿತು. ಬಾಗಿಲುಗಳು ತೆರೆದುಕೊಂಡವು. ಊರಿನ ಮರ್ಯಾದೆ ತಿಳಿದ ಹೆಂಗಸು ಎಂದು ಅವಳನ್ನು ಎಲ್ಲರೂ ಮೆಚ್ಚಿದರು.

ಅವಳ ಸ್ವಂತ ಮನೆಯ ನಕ್ಷೆಯಲ್ಲಿ ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ. ಸೂಜಿಗೆ ಹೆದರುವ ಜನಕ್ಕೆ ಧೈರ್ಯ ಬರಲೆಂದು ಅವಳು ಮೊದಲ ವರ್ಷವೇ ತನ್ನ ರಕ್ತ ಕೊಟ್ಟಿದ್ದಳು, ತಾಯಿ ಯೂಫೇಮಿಯಾಳದ್ದನ್ನೂ ಕೊಡಿಸಿದ್ದಳು. ಇಬ್ಬರಲ್ಲೂ ದೋಷ ಇಲ್ಲ. ತಂದೆ ಎಂಬತ್ನಾಲ್ಕಕ್ಕೆ, ಒಂದು ದಿನವೂ ತಲೆನೋವು ಅನ್ನದೆ, ಶ್ವಾಸಕೋಶದ ಕಾಯಿಲೆಯಲ್ಲಿ ಹೋದವನು. ಹಾಗಾಗಿ ಅವಳ ತಮ್ಮ ಕೋಸ್ಮೆಯ ರಕ್ತ ನೋಡುವ ಅಗತ್ಯವೇ ಯಾರಿಗೂ ಕಾಣಲಿಲ್ಲ.

ಕೋಸ್ಮೆಗೆ ನಲವತ್ತೊಂದು. ಅಕ್ಕನಿಗಿಂತ ಹದಿನೇಳು ವರ್ಷಕ್ಕೆ ಚಿಕ್ಕವನು. ಕೌಂಟಿಯ ರಸ್ತೆ ಇಲಾಖೆಯಲ್ಲಿ ಮಣ್ಣು ಸಮ ಮಾಡುವ ಯಂತ್ರ ಓಡಿಸುತ್ತಿದ್ದ, ಚಳಿಗಾಲದಲ್ಲಿ ಹಿಮ ತಳ್ಳುವುದು. ಹೆಂಡತಿ ಬಿಟ್ಟುಹೋಗಿದ್ದಳು. ಜಾನೆಲ್ ಎಂಬ ಹತ್ತೊಂಬತ್ತರ ಮಗಳು ಪಟ್ಟಣದ ಕಾಲೇಜಿನಲ್ಲಿದ್ದಳು, ವಾರಕ್ಕೊಮ್ಮೆ ಅಜ್ಜಿಯ ಮನೆಗೆ ಬರುತ್ತಿದ್ದಳು. ಆ ಅಕ್ಟೋಬರಿನಲ್ಲಿ ಕೋಸ್ಮೆಗೆ ಎದೆಯಲ್ಲಿ ಮೀನು ಒದ್ದಾಡಿದ ಹಾಗಾಗತೊಡಗಿತು. ಹತ್ತಿರದ ಪಟ್ಟಣದ ವೈದ್ಯ ಪರೀಕ್ಷೆ ಮಾಡಿ, ಹೃದಯದ ಬಡಿತ ತಾಳ ತಪ್ಪಿದೆ, ರಕ್ತ ಒಳಗೇ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೋ ಅಂದ. ಕೊಡುವ ಮೊದಲು ಕೇಳಿದ: "ಮನೆತನದಲ್ಲಿ ಯಾರಿಗಾದ್ರೂ ಮಿದುಳಲ್ಲಿ ರಕ್ತಸ್ರಾವ ಆಗಿದ್ಯಾ?"

ಪಕ್ಕದಲ್ಲಿ ಕೂತಿದ್ದ ಡೆಲ್ಫಿನಿಯಾ, "ಇಲ್ಲ. ನಾನೇ ನಕ್ಷೆ ಬರೆದಿದ್ದೀನಿ" ಅಂದಳು.

*

ನವೆಂಬರಿನ ಎರಡನೆಯ ವಾರ ಡೆಲ್ಫಿನಿಯಾ ಬೆಟ್ಟದ ಆಚೆ ಕಣಿವೆಗೆ, ಅರೆಯಾನೆಸ್ ಮನೆಗೆ ಹೋದಳು. ಅದು ಕಪ್ಪು ತುಂಬಿದ ಮನೆತನ. ಕ್ಲಿಯೊತಿಲ್ದೆ ಅರೆಯಾನೆಸ್‌ಗೆ ಎಪ್ಪತ್ತೊಂಬತ್ತು. ತಂದೆ, ಇಬ್ಬರು ಅಣ್ಣಂದಿರು, ತಂಗಿ ರೊಸೆಂದಾ, ಒಬ್ಬ ಮಗ, ಎಲ್ಲರೂ ಚೆಲ್ಲಿ ಹೋದವರು. ಅವಳ ತಲೆಯಲ್ಲೂ ಹದಿನೇಳು ಗೊಂಚಲಿವೆ, ಒಂದೂ ಸೋರಿಲ್ಲ. "ದೇವರು ನನ್ನನ್ನ ಸಾಕ್ಷಿ ಹೇಳೋಕೆ ಇಟ್ಕೊಂಡಿದಾನೆ" ಎನ್ನುತ್ತಿದ್ದಳು.

ಅಂದು ಗಾಳಿ ಜೋರು. ಅಂಗಳದ ಒಣಗಿದ ಮರದಲ್ಲಿ ಕಪ್ಪು ಬಿಳಿ ಹಕ್ಕಿಗಳು ಒಂದೇ ಸಮನೆ ಕಚ್ಚಾಡುತ್ತಿದ್ದವು. ಒಲೆಯಲ್ಲಿ ಪಿನ್ಯೋನ್ ಸೌದೆ ಚಟಗುಟ್ಟುತ್ತಿತ್ತು. ಮುದುಕಿ ಮುಸುಕಿನ ಜೋಳದ ಪೊಸೋಲೆ ಸಾರು ಬಡಿಸಿ ಎದುರಿಗೆ ಕೂತಳು. ತಾನು ತಿನ್ನಲಿಲ್ಲ.

"ಹೀತಾ," ಅಂದಳು. ಮಗಳೇ ಎನ್ನುವ ಹಾಗೆ. "ಕೋಸ್ಮೆಗೆ ಎದೆ ಸರಿ ಇಲ್ವಂತೆ."

"ಈ ಬೆಟ್ಟದಲ್ಲಿ ಕೆಮ್ಮಿದ್ರೆ ಆಚೆ ಕಣಿವೇಲಿ ಮದ್ದು ಕುದಿಸ್ತಾರೆ" ಎಂದು ಡೆಲ್ಫಿನಿಯಾ ನಕ್ಕಳು. "ಏನಿಲ್ಲ ತೀಯಾ, ಮಾತ್ರೆ ಕೊಟ್ಟಿದಾರೆ."

"ರಕ್ತ ನೀರಾಗೋ ಮಾತ್ರೆನಾ?"

"ತೆಳುವಾಗೋದು."

"ಎಷ್ಟು ದಿನ ಆಯ್ತು?"

"ಒಂಬತ್ತು."

ಮುದುಕಿಯ ಕೈ ಮೇಜಿನ ಮೇಲಿನ ರೊಟ್ಟಿಚೂರುಗಳನ್ನು ಒಂದು ಕಡೆಗೆ ಒತ್ತರಿಸತೊಡಗಿತು. ಒತ್ತರಿಸಿ, ಮತ್ತೆ ಚೆದುರಿಸಿತು. "ನಿಲ್ಸೋಕೆ ಹೇಳು" ಅಂದಳು.

"ಡಾಕ್ಟರು ಕೊಟ್ಟದ್ದು ತೀಯಾ. ನಿಮ್ಮ ಮನೆಯವರಿಗಾದ್ರೆ ಬೇಡ ಅಂತ ನಾನೇ ಕೂಗಾಡ್ತಿದ್ದೆ. ನಮ್ಮಲ್ಲಿ ಆ ಕಾಯಿಲೆ ಇಲ್ಲ."

ಕ್ಲಿಯೊತಿಲ್ದೆ ಎದ್ದು ಹೋಗಿ ಒಲೆಗೆ ಸೌದೆ ಇಟ್ಟಳು. ಬೆನ್ನು ಮಾಡಿಕೊಂಡೇ ಕೇಳಿದಳು: "ನಿನ್ನ ನಕ್ಷೇಲಿ ನನ್ನ ತಂಗಿ ರೊಸೆಂದಾಗೆ ಎಷ್ಟು ಮಕ್ಕಳು?"

ಡೆಲ್ಫಿನಿಯಾಗೆ ನಕ್ಷೆ ಬಾಯಿಪಾಠ. "ಎರಡು. ಇಬ್ಬರೂ ಹುಡುಗೀರು. ಆಮೇಲೆ ಬಟ್ಟೆ ಒಣಹಾಕ್ತಾ ಬಿದ್ಲು, ಇಪ್ಪತ್ತೇಳು ವರ್ಷ."

"ಮೂರು ಅಂತ ಬರಿ."

"ಮೂರನೇದು ಯಾರು?"

"ಬರಿ ಅಂದೆ. ಮಗು ಎಲ್ಲಿಗೆ ಹೋಯ್ತು ಅಂತ ಹೇಳ್ಬಾರ್ದು ಅಂತ ನಮ್ಮಮ್ಮ ಶಿಲುಬೆ ಮುಟ್ಟಿಸಿ ಆಣೆ ತಗೊಂಡಿದಾಳೆ. ಎಷ್ಟು ಮಕ್ಕಳು ಅಂತ ಹೇಳ್ಬಾರ್ದು ಅಂದಿಲ್ಲ. ನಲವತ್ತೊಂದು ವರ್ಷದ ಹಿಂದಿನ ಮಾತು. ಗಂಡುಮಗು. ಐದು ವಾರದ್ದು."

ಡೆಲ್ಫಿನಿಯಾ ಚಮಚ ಕೆಳಗಿಟ್ಟಳು. ನಲವತ್ತೊಂದು ವರ್ಷದ ಹಿಂದೆ ಅವಳು ಮನೆಯಲ್ಲಿರಲಿಲ್ಲ. ಕೊಲೊರಾಡೋದ ಪುಯೆಬ್ಲೊದಲ್ಲಿ ಕಾಯಿಲೆಯ ಅತ್ತೆಯ ಮನೆಗೆಲಸಕ್ಕೆ ಹೋಗಿದ್ದಳು, ಎರಡು ವರ್ಷ. ತಮ್ಮ ಹುಟ್ಟಿದ್ದು ತಂದೆ ಬರೆದ ಮೂರು ಸಾಲಿನ ಕಾಗದದಿಂದ ತಿಳಿದದ್ದು. ಊರಿಗೆ ಬಂದಾಗ ಆ ಮಗು ನಡೆದುಬಂದು ಅವಳ ಮೊಣಕಾಲು ಹಿಡಿದುಕೊಂಡಿತ್ತು.

"ತೀಯಾ," ಎಂದು ಕೇಳಿದಳು. "ಹನ್ನೆರಡು ವರ್ಷದಿಂದ ಬರ್ತಿದೀನಿ. ಒಂದು ಸಲ ಯಾಕೆ ಹೇಳ್ಲಿಲ್ಲ?"

"ನೀನು ಒಂದು ಸಲ ಯಾಕೆ ಕೇಳ್ಲಿಲ್ಲ?" ಅಂದಳು ಮುದುಕಿ. "ಊಟ ಆಯ್ತಲ್ಲ. ಹೋಗು."

*

ಬೆಟ್ಟ ಹತ್ತಿ ಇಳಿಯುವ ಆ ನಲವತ್ತು ಮೈಲಿಯಲ್ಲಿ ಡೆಲ್ಫಿನಿಯಾ ಕೋಸ್ಮೆಗೆ ಆರು ಸಲ ಫೋನ್ ಮಾಡಿದಳು. ಬೆಟ್ಟದ ನಡುವೆ ಸಂಪರ್ಕ ಸಿಗುವುದಿಲ್ಲ, ಅದು ಅವಳಿಗೂ ಗೊತ್ತು. ತಾಯಿಯ ಮನೆ ಮೊದಲು ಬಂತು. ಬ್ರೇಕು ಒತ್ತಿದ ಮೇಲೇ ತಾನು ನಿಲ್ಲಿಸಿದ್ದು ಅವಳಿಗೆ ತಿಳಿದದ್ದು.

ಎಂಬತ್ತೆರಡರ ಯೂಫೇಮಿಯಾ ಕಿಟಕಿಯ ಪಕ್ಕ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಮಗಳ ಮುಖ ನೋಡಿದಳು. "ಕ್ಲಿಯೊತಿಲ್ದೆ ಮನೆಗೆ ಹೋಗಿದ್ಯಾ?" ಎಂದಳು.

ಡೆಲ್ಫಿನಿಯಾಗೆ ಕೇಳಬೇಕಾದ್ದು ಅಲ್ಲಿಗೇ ಮುಗಿಯಿತು. ಆದರೂ ಕೇಳಿದಳು. "ಅಮ್ಮ, ಕೋಸ್ಮೆ ರೊಸೆಂದಾ ಮಗನಾ?"

"ಕೋಸ್ಮೆ ನನ್ನ ಮಗ."

"ಹೆತ್ತಿದ್ದು ಯಾರು ಅಂತ ಕೇಳ್ತಿದೀನಿ."

"ಕೊಟ್ಟ ಮಗೂನ ಎಣಿಸ್ಬಾರ್ದು. ಎಣಿಸಿದ್ರೆ ಅದು ವಾಪಸು ಹೋಗುತ್ತೆ." ತಾಯಿ ಇನ್ನೊಂದು ಮೆಣಸಿನಕಾಯಿ ಎತ್ತಿಕೊಂಡಳು. "ನನ್ನದು ಹುಟ್ಟಿ ಆರು ದಿನಕ್ಕೆ ಸತ್ತಿತ್ತು. ಎದೆ ಕಲ್ಲಾಗಿತ್ತು. ಆ ವಾರವೇ ರೊಸೆಂದಾ ಬಿದ್ಲು. ಅವರಮ್ಮ ಮಗೂನ ಶಾಲಲ್ಲಿ ಸುತ್ಕೊಂಡು ಬೆಟ್ಟ ದಾಟಿ ಬಂದ್ಲು. ಮೂರು ವರ್ಷ ಕುಡಿದ. ಅವನ ಮೈಯಲ್ಲಿ ಹರೀತಿರೋದು ನನ್ನ ಹಾಲಿಂದ ಆದ ರಕ್ತ. ಅವಳದ್ದು ಎಲ್ಲಿ ಉಳೀತು?"

"ಅದು ಹಾಗೆ ಹೋಗಲ್ಲಮ್ಮ."

"ನಿಂಗೆ ಯಂತ್ರ ಹೇಳುತ್ತೆ. ನಂಗೆ ನನ್ನ ಮೈ ಹೇಳುತ್ತೆ."

"ಒಂಬತ್ತು ದಿನದಿಂದ ಆ ಮಾತ್ರೆ ನುಂಗ್ತಿದಾನೆ. ನಾನು ಪಕ್ಕದಲ್ಲಿ ಕೂತು ನುಂಗು ಅಂದೆ. ನೀನೂ ಮನೇಲಿದ್ದೆ."

ಆಗ ಮಾತ್ರ ಯೂಫೇಮಿಯಾ ತಲೆ ತಗ್ಗಿಸಿದಳು. "ಬೆಳ್ಳುಳ್ಳಿ ಸಾಕು ಅಂತ ದಿನಾ ಹೇಳ್ತಿದ್ದೆ" ಎಂದಳು. "ಅವನು ನಗ್ತಿದ್ದ."

ಡೆಲ್ಫಿನಿಯಾ ಬಾಗಿಲು ದಾಟುವಾಗ ಹಿಂದಿನಿಂದ ಧ್ವನಿ ಬಂತು. "ಅವನಿಗೆ ಹೇಳಿದ್ರೆ ನಾನು ಇನ್ನು ಇವತ್ತಿಂದ ಅವನಿಗೆ ಯಾರು, ಅದನ್ನೂ ನೀನೇ ಹೇಳ್ಬಿಡು."

*

ಕೋಸ್ಮೆ ಸಿಕ್ಕಿದ್ದು ಮೇಲಿನ ಕಣಿವೆಯ ರಸ್ತೆಯಲ್ಲಿ. ಚರಂಡಿಯ ಅಂಚು ಸಮ ಮಾಡುತ್ತಿದ್ದ. ಅಕ್ಕನ ವ್ಯಾನು ರಸ್ತೆಗೆ ಅಡ್ಡ ನಿಂತದ್ದು ನೋಡಿ ಯಂತ್ರ ನಿಲ್ಲಿಸಿ ಇಳಿದುಬಂದ. ಇಳಿಯುವಾಗ ಎಡಗೈಯಿಂದ ಕಂಬಿ ಹಿಡಿಯಲಿಲ್ಲ, ಬಲಗೈಯನ್ನೇ ಅಡ್ಡ ತಂದು ಹಿಡಿದ. ಅದು ಡೆಲ್ಫಿನಿಯಾಳ ಕಣ್ಣಿಗೆ ಬಿತ್ತು.

"ಸರ್ಕಾರಿ ರಸ್ತೆ ಅಡ್ಡಗಟ್ಟಿದ್ದಕ್ಕೆ ನಿನ್ನ ಹಿಡಿಸ್ತೀನಿ" ಅಂದ.

ಅವಳು ಸುತ್ತಿಬಳಸಲಿಲ್ಲ. ಅರವತ್ಮೂರು ಮನೆಯಲ್ಲಿ ಊಟ ಆಗುವ ತನಕ ಕಾದವಳು, ತಮ್ಮನಿಗೆ ರಸ್ತೆಯ ಬದಿ ನಿಂತು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದಳು. ರೊಸೆಂದಾ ಅರೆಯಾನೆಸ್ ಎಂಬವಳು ಹೆತ್ತದ್ದು. ಅವಳಿಗೆ ಚೆಲ್ಲಿತ್ತು. ನಿನಗೂ ಇರಬಹುದು. ಮಾತ್ರೆ ಇವತ್ತೇ ನಿಲ್ಲಬೇಕೋ ಏನೋ, ಹಾಲ್ವರ್ಸನ್ ಹೇಳಬೇಕು, ಈಗಲೇ ಹೊರಡು.

ಕೋಸ್ಮೆ ಟೋಪಿ ತೆಗೆದು ಒಳಗೆ ನೋಡಿದ, ಏನೋ ಬಿದ್ದಿರಬಹುದು ಎನ್ನುವ ಹಾಗೆ. "ಅದಕ್ಕೇ ನಂಗೆ ಅಪ್ಪನ ಮೂಗು ಬರ್ಲಿಲ್ಲ ಅನ್ನು. ಬದುಕಿದೆ." ನಗಲಿಲ್ಲ. ಟೋಪಿ ಮತ್ತೆ ಹಾಕಿಕೊಂಡು ಕೇಳಿದ, "ನಿಂಗೆ ಗೊತ್ತಿತ್ತಾ?"

"ಇವತ್ತು ಹನ್ನೊಂದು ಗಂಟೇವರೆಗೂ ಇಲ್ಲ."

"ಎಲ್ಲರ ಮನೆ ಅಜ್ಜಿಯ ಅಜ್ಜಿ ಯಾರು ಅಂತ ಗೊತ್ತು ನಿಂಗೆ. ಸಂತೆಯಲ್ಲಿ ನಿಲ್ಲಿಸಿ ಹೇಳ್ತೀಯ. ಮನೆ ಒಳಗಿಂದು ಗೊತ್ತಿಲ್ಲ."

"ಇಲ್ಲ."

"ಕೇಳೋ ಕಾಗದದಲ್ಲಿ ಇರ್ಲಿಲ್ವಾ ಅದು?"

ಡೆಲ್ಫಿನಿಯಾ ಸುಳ್ಳು ಹೇಳಬಹುದಿತ್ತು. "ಇತ್ತು. ನಾನೇ ತೆಗೆಸಿದೆ" ಅಂದಳು.

ಗಾಳಿಗೆ ರಸ್ತೆಯ ಧೂಳೆದ್ದು ಇಬ್ಬರ ನಡುವೆ ಹಾದುಹೋಯಿತು. ಕೋಸ್ಮೆ ಎಡಗೈ ಮುಂದೆ ಚಾಚಿ ಬೆರಳು ಮಡಚಲು ನೋಡಿದ. ಕೊನೆಯ ಎರಡು ಬೆರಳು ಮಡಚಲಿಲ್ಲ. "ಭಾನುವಾರದಿಂದ ಹೀಗಿದೆ" ಎಂದ. "ಸ್ಟೀರಿಂಗ್ ಹಿಡಿದೂ ಹಿಡಿದೂ ಅಂದ್ಕೊಂಡೆ. ಮೂತಿಯ ಒಂದು ಕಡೇನೂ ಜುಮ್ಮಂತಿದೆ. ನಿಂಗೆ ಹೇಳಿದ್ರೆ ಎಳ್ಕೊಂಡು ಹೋಗ್ತೀಯಾಂತ ಸುಮ್ನಿದ್ದೆ."

ಅವಳು ವ್ಯಾನಿನ ಬಾಗಿಲು ತೆರೆದಳು.

*

ದಾರಿ ಮೂರು ಗಂಟೆಯದು. ಒಂದು ಕಡೆ, "ಅವಳು ನನ್ನ ಎತ್ಕೊಂಡಿದ್ಲಾ?" ಎಂದು ಕೇಳಿದ. ಡೆಲ್ಫಿನಿಯಾಗೆ ಗೊತ್ತಿರಲಿಲ್ಲ. ಅಲ್ಬುಕರ್ಕಿ ಹತ್ತಿರ ಬಂದಾಗ, "ಟೀವಿಯ ಸದ್ದು ಕಡಿಮೆ ಮಾಡು" ಅಂದ. ವ್ಯಾನಿನಲ್ಲಿ ಟೀವಿ ಇರಲಿಲ್ಲ. ರೇಡಿಯೋ ಕೂಡ ಹಾಕಿರಲಿಲ್ಲ. ಡೆಲ್ಫಿನಿಯಾ ಏನೂ ಹೇಳದೆ ಗುಂಡಿಯೊಂದನ್ನು ತಿರುಗಿಸಿದ ಹಾಗೆ ಮಾಡಿದಳು. ವೇಗ ಹೆಚ್ಚಿಸಿದಳು.

ಸ್ಕ್ಯಾನ್ ಆದ ಮೇಲೆ ಹಾಲ್ವರ್ಸನ್ ಅವಳನ್ನು ಪರದೆಯ ಮುಂದೆ ಕರೆದರು. ಹನ್ನೆರಡು ವರ್ಷದಲ್ಲಿ ಅವಳು ಇಂಥ ಚಿತ್ರ ನೂರಾರು ನೋಡಿದ್ದಳು, ಎಣಿಸಲು ಕಲಿತಿದ್ದಳು. ಬೂದುಬಣ್ಣದ ಮಿದುಳು, ಅದರಲ್ಲಿ ಕಪ್ಪು ಕಲೆಗಳು, ಯಾರೋ ಶಾಯಿ ಚಿಮುಕಿಸಿದ ಹಾಗೆ. ಇಪ್ಪತ್ನಾಲ್ಕರ ತನಕ ಎಣಿಸಿ ನಿಲ್ಲಿಸಿದಳು. ಮಿದುಳಿನ ಕಾಂಡ, ಉಸಿರಾಡುವುದು, ನುಂಗುವುದು ಎಲ್ಲವನ್ನೂ ನಡೆಸುವ ಆ ಹೆಬ್ಬೆರಳು ಗಾತ್ರದ ಜಾಗ, ಅಲ್ಲಿ ಒಂದು ಗೊಂಚಲಿನ ಸುತ್ತ ಹೊಸ ರಕ್ತದ ಉಂಗುರ.

"ಸಣ್ಣ ಸೋರಿಕೆ" ಎಂದರು ಹಾಲ್ವರ್ಸನ್. "ಇನ್ನೂ ಸಣ್ಣದು. ಮಾತ್ರೆ ನಿಲ್ಲಿಸಿದ್ದೇವೆ."

"ಮಾತ್ರೆಯಿಂದಲೇ ಆಗಿದ್ದಾ?"

"ಹೇಳಲಾರೆ. ಮಾತ್ರೆ ಇಲ್ಲದೆಯೂ ಸೋರುತ್ತೆ. ಇದ್ದರೂ ಸೋರದೆ ಇರುತ್ತೆ. ಇಂಥವರಿಗೆ ರಕ್ತ ತೆಳುವಾಗಿಸಬಹುದೇ ಬೇಡವೇ ಅನ್ನೋದಕ್ಕೇ ನಾವು ಇಷ್ಟು ಮನೆಗಳ ಲೆಕ್ಕ ಇಡ್ತಿರೋದು. ಉತ್ತರ ಇನ್ನೂ ನನ್ನ ಹತ್ತಿರ ಇಲ್ಲ." ಅವರು ಕಣ್ಣು ಒತ್ತಿಕೊಂಡರು. "ನಿಲ್ಲಿಸಿದ್ದಕ್ಕೆ ಹೃದಯದಲ್ಲಿ ಹೆಪ್ಪುಗಟ್ಟಬಹುದು, ಅದು ಮೇಲಕ್ಕೆ ಬರಬಹುದು. ಕೊಟ್ಟರೆ ಇದು ದೊಡ್ಡದಾಗಬಹುದು. ಈಗ ದಿನ ದಿನ ನೋಡಬೇಕು. ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತೆ."

"ಹದಿನಾಲ್ಕನೇ ಪ್ರಶ್ನೆ," ಎಂದಳು ಡೆಲ್ಫಿನಿಯಾ.

"ನೆನಪಿದೆ. ಸಹಿ ನನ್ನದು."

ಅರವತ್ಮೂರು ನಕ್ಷೆ. ಎಷ್ಟು ಬಿಳಿ ಚೌಕ, ಎಷ್ಟು ಬಿಳಿ ವೃತ್ತ. ಅವುಗಳಲ್ಲಿ ಯಾವುದು ಬೇರೆ ಮನೆಯದ್ದು, ಈಗ ಎಲ್ಲಿ ಯಾವ ಮಾತ್ರೆ ನುಂಗುತ್ತಿದೆ, ಯಾವ ತಲೆನೋವಿಗೆ ಒದ್ದೆಬಟ್ಟೆ ಕಟ್ಟಿಕೊಂಡು ಮಲಗಿದೆ, ಅವಳಿಗೆ ಗೊತ್ತಿರಲಿಲ್ಲ.

ಕೋಸ್ಮೆಯನ್ನು ವಾರ್ಡಿನಲ್ಲಿ ಮಲಗಿಸಿದ್ದರು. ತುಟಿಯ ಎಡಗಡೆ ಸ್ವಲ್ಪ ಜಾರಿತ್ತು, ಮಾತು ತಡವಾಗಿ ಬರುತ್ತಿತ್ತು. "ಅಕ್ಕ, ನಿಮ್ಮ ಸಂಶೋಧನೆಗೆ ಇನ್ನೊಬ್ಬ ಸಿಕ್ಕಿದ" ಎಂದ. "ನನ್ನಿಂದಾದ್ರೂ ಉತ್ತರ ಬರ್ಕೊಳ್ಳಿ." ಆಮೇಲೆ ಚಾವಣಿ ನೋಡುತ್ತ, "ಜಾನೆಲ್‌ಗೆ ನೀನೇ ಹೇಳು. ನಾನು ಹೇಳಿದ್ರೆ ನಾಲಿಗೆ ತೊದಲೋದು ಕೇಳಿ ಹೆದರ್ತಾಳೆ. ಅವಳ ರಕ್ತಾನೂ ನೋಡ್ಬೇಕಲ್ಲ."

"ನೋಡ್ಬೇಕು."

"ಅರ್ಧಕ್ಕರ್ಧ ಅಂತೀಯಲ್ಲ ಯಾವಾಗ್ಲೂ."

"ಹೌದು."

"ಅರ್ಧ ಕಡಿಮೆ ಏನಲ್ಲ" ಎಂದು ಕಣ್ಣು ಮುಚ್ಚಿದ.

*

ಮರುದಿನ ಬೆಳಿಗ್ಗೆ ಡೆಲ್ಫಿನಿಯಾ ತಾಯಿಯ ಅಡುಗೆಮನೆಗೆ ಬಂದಳು. ಯೂಫೇಮಿಯಾ ಹಿಟ್ಟು ನಾದುತ್ತಿದ್ದಳು. ಒಲೆಯ ಮೇಲಿನ ಹೆಂಚು ಕಾದು ಹೊಗೆಯಾಡುತ್ತಿತ್ತು. ಮಗಳು ಹೇಳಿದ್ದನ್ನೆಲ್ಲ ಕೇಳಿದಳು, ಕೈ ನಿಲ್ಲಿಸಲಿಲ್ಲ. ಬದುಕಿದ್ದಾನೆ. ಎಡಗೈ ಹೋಗಿದೆ. ಬರಬಹುದು. ಮತ್ತೆ ಸೋರಬಹುದು.

"ಅವಳು ಎತ್ಕೊಂಡಿದ್ಲಾ ಅಂತ ಕೇಳ್ದ" ಅಂದಳು ಡೆಲ್ಫಿನಿಯಾ.

"ಐದು ವಾರ. ಕೆಳಗೆ ಇಳಿಸ್ತಿರ್ಲಿಲ್ವಂತೆ." ಯೂಫೇಮಿಯಾ ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿದಳು. "ಬಟ್ಟೆ ಒಣಹಾಕೋಕೆ ಅಂತ ಇಳಿಸಿದ್ದು. ನನ್ನ ಬಗ್ಗೆ ಏನಾದ್ರೂ ಕೇಳಿದ್ನಾ?"

"ಕೇಳ್ಲಿಲ್ಲಮ್ಮ."

ಮುದುಕಿ ತಲೆಯಾಡಿಸಿದಳು. ಹಿಟ್ಟಿನ ಉಂಡೆ ಮುರಿದು ಅಂಗೈಯಲ್ಲಿ ತಟ್ಟತೊಡಗಿದಳು.

ಡೆಲ್ಫಿನಿಯಾ ಅಲ್ಲೇ ಕೂತು ಜಾನೆಲ್‌ಗೆ ಫೋನ್ ಮಾಡಿದಳು. ತಾಯಿಯೂ ಕೇಳಲಿ ಎಂದು ಸದ್ದು ಜೋರಾಗಿಟ್ಟು ಮೇಜಿನ ಮೇಲಿಟ್ಟಳು. ಹುಡುಗಿ ತರಗತಿಗೆ ಹೊರಟಿದ್ದಳು, ಹೆಜ್ಜೆಯ ಸದ್ದು ಕೇಳುತ್ತಿತ್ತು.

"ತೀಯಾ? ಅಪ್ಪ ನಿನ್ನೆಯಿಂದ ಫೋನ್ ತೆಗೀತಿಲ್ಲ. ಹಿಮ ಬಿತ್ತಾ ಅಲ್ಲಿ?"

ಡೆಲ್ಫಿನಿಯಾ ಹೇಳಿದಳು. ಈ ಸಲ ನಿಧಾನವಾಗಿ, ಮೊದಲಿಂದ, ಒಂದನ್ನೂ ಬಿಡದೆ. ಹೆಜ್ಜೆಯ ಸದ್ದು ನಿಂತಿತು. ಅತ್ತ ಕಡೆ ಯಾವುದೋ ಗಂಟೆ ಬಾರಿಸಿತು, ಮಕ್ಕಳು ಗಲಗಲ ಮಾಡುತ್ತ ಹಾದುಹೋದರು, ಮತ್ತೆ ಎಲ್ಲ ಸುಮ್ಮನಾಯಿತು.

"ಹೀತಾ, ಕೇಳ್ತಿದೀಯಾ? ಹೆದರ್ಬೇಡ. ಮೊದ್ಲು ಬರೀ ರಕ್ತ ಪರೀಕ್ಷೆ. ನಾನೇ ಬಂದು ಕರ್ಕೊಂಡು ಹೋಗ್ತೀನಿ. ನಿಂಗೇನೂ ತೊಂದ್ರೆ ಇಲ್ವಲ್ಲ? ತಲೆನೋವು, ಕಣ್ಣು ಮಂಜು, ಅಂಥದ್ದೇನಾದ್ರೂ?"

ಜಾನೆಲ್ ಚೀಲ ಕೆಳಗಿಟ್ಟ ಸದ್ದು ಕೇಳಿತು.

"ಸೆಪ್ಟೆಂಬರಿಂದ ಇದೆ" ಎಂದಳು. "ಬಲಗಡೆ. ಎರಡು ಸಲ ಓದ್ತಾ ಓದ್ತಾ ಅಕ್ಷರ ಜೋಡಿಯಾಗಿ ಕಂಡ್ವು. ನಾನು ಅಜ್ಜಿಗೆ ಹೇಳಿದ್ದೆ. ಅಜ್ಜಿ ಮೇಣದಬತ್ತಿ ಹಚ್ಚಿದ್ಲು, ದಿನಾ ಹಚ್ತೀನಿ ಅಂದ್ಲು. ನಿಂಗೆ ಮಾತ್ರ ಹೇಳ್ಬೇಡ ಅಂದ್ಲು ತೀಯಾ."

ಡೆಲ್ಫಿನಿಯಾ ತಲೆ ಎತ್ತಿದಳು. ತಾಯಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಹೆಂಚಿನ ಮೇಲಿನ ತೋರ್ತಿಯಾ ಸೀದು ಕಪ್ಪಾಗುತ್ತಿತ್ತು. ಅವಳು ಅದನ್ನು ಮಗುಚಲಿಲ್ಲ.